ಮುಳ್ಳಲ್ಲದ ಮುಳ್ಳು

ತೆಲಂಗಾಣದ ಮಕ್ತಲ್ ಬಸ್‌ಸ್ಟ್ಯಾಂಡಿನಲ್ಲಿ ಕುರಿ ಕಾಯುವವನೊಬ್ಬ ಎಡಗಾಲಿನ ಚಪ್ಪಲಿ ಬಿಚ್ಚಿ ನನ್ನ ಪಕ್ಕ ಕುಳಿತಿದ್ದ. ಅವನ ಅಕ್ಕ ನಿಂತೇ ಇದ್ದಳು. ನಾನು ಪುಸ್ತಕ ತೆರೆದು ಓದುವವಳಂತೆ ಕುಳಿತೆ.

“ಆ ಚಿಮಟ ಇತ್ತ ಕೊಡು, ಬೀರಯ್ಯ.”

“ಮುಳ್ಳು ತೆಗಿಯೋ ಚಿಮಟ ಇಲ್ದ ಕುರಿ ಹಿಂದ ಹೆಂಗ ಹೋಗ್ಲಿ, ಅಕ್ಕಾ?”

“ವರ್ಷದಿಂದ ಅಂಗಾಲು ಕೆದರಾಕತ್ತಿ. ಮುಳ್ಳು ಬಂತೇನು?”

“ಒಳಗ ಮುರದೈತಿ.”

“ಮುಳ್ಳು ಬೆಳೀತೈತೇನು? ಕಡ್ಲಿಯಷ್ಟಿದ್ದ ಕರೀ ಮಚ್ಚಿ ರೂಪಾಯಿ ಅಗಲ ಆಗೈತಿ, ರಕ್ತ ಸೋರತೈತಿ. ಕ್ಯಾನ್ಸರ್ ಇರಬಹುದು ಅಂತ ನರ್ಸಮ್ಮ ಅಂದ್ಲಲ್ಲ.”

“ಆಕಿ ಡಾಕ್ಟರಲ್ಲ.”

“ಅದಕ್ಕ ಚರ್ಮದ ಡಾಕ್ಟರ್ ಹತ್ರ ನಡಿ. ತೆಲಂಗಾಣ ಬಂತು, ಹೊಸ ಜಿಲ್ಲಾ ಬಂತು, ಚರ್ಮದ ಡಾಕ್ಟರ್ ಮಾತ್ರ ನಮ್ಮೂರ ಕಡಿ ಬರ್ಲಿಲ್ಲ. ರಾಯಚೂರಿಗೇ ಹೋಗಬೇಕು.”

“ಕುರಿ?”

“ಕುರಿಗೆ ಹಿಂಗಾಗಿದ್ರ ಹೆಗಲ ಮ್ಯಾಲ ಹೊತ್ಕೊಂಡು ಓಡ್ತಿದ್ದಿ.”

ರಾಯಚೂರು ಬಸ್ಸು ಬಂತು. ಅವನು ಚಿಮಟವನ್ನು ಅಕ್ಕನ ಕೈಗಿಟ್ಟು, ಎಡ ಅಂಗಾಲು ಪೂರ್ತಿ ಊರದೆ ಹತ್ತಿದ.