ಸ್ಪ್ರಿಂಗಿಲ್ಲದ ಲಿಫ್ಟು

ಮಳೆಗೆ ಬೈಕುಲ್ಲಾದಲ್ಲಿ ಲೋಕಲ್ ರೈಲುಗಳು ನಿಂತಿದ್ದ ಸಂಜೆ. ಚಾಳಿನ ಮಾಳಿಗೆಯ ಮೇಲಿನ ಇಂದ್ರಾಬಾಯಿಯ ಖಾನಾವಳಿಯಲ್ಲಿ ಊಟ ಮುಗಿಸಿದವರು ಅಲ್ಲೇ ಉಳಿದಿದ್ದೆವು. ಹೊಸ ಬಿಲ್ಡಿಂಗಿನ ಲಿಫ್ಟು ಹೊಟ್ಟೆ ಅಲುಗಾಡಿಸಿತು ಎಂದು ಯಾರೋ ಗೊಣಗಿದರು. ಆಯುಷ್ಯವನ್ನೆಲ್ಲ ಲಿಫ್ಟ್ ಕೂಡಿಸುವುದರಲ್ಲೇ ಕಳೆದ ಮುದುಕ ಭೀಮರಾಯ ತಂಬಾಕು ತಿಕ್ಕುತ್ತ ನಕ್ಕ.

"ಅಲುಗೂ ಲಿಫ್ಟಿಗೆ ಅಂಜಬ್ಯಾಡ್ರಿ. ಅಲುಗಲಾರದ್ದಕ್ಕ ಅಂಜ್ರಿ.

ಎಪ್ಪತ್ತಮೂರರಾಗ ನರಿಮನ್ ಪಾಯಿಂಟಿನ್ಯಾಗ ಸಮುದ್ರಕ್ಕ ಮಣ್ಣು ತುಂಬಿ ಒಂದು ಬಿಲ್ಡಿಂಗ್ ಎಬ್ಬಿಸಿದ್ರು. ಅದರ ಲಿಫ್ಟು ಗಾಳಿ ಹಂಗ ಏರತಿತ್ತು, ಆದ್ರ ಗಡಗಡ ನಡುಗತಿತ್ತು. ಲಿಫ್ಟು ಎರಡು ಕಬ್ಬಿಣದ ಹಳಿ ನಡುವ ಓಡತೈತಲ್ಲಾ... ಅದರ ನೆತ್ತಿ ಮ್ಯಾಲಿನ ರಬ್ಬರ ಗಾಲಿ ಹಳಿಗೆ ಒತ್ತಿಕೊಂಡಿರಬೇಕು. ಒತ್ತೂ ಸ್ಪ್ರಿಂಗ್ ಮುರದಿತ್ತು. ಅವತ್ತ ಮಾಲಕ ಸೇಠ್ ನೋಡಾಕ ಬರಾಂವ. ನಮ್ಮ ಲಿಫ್ಟ್ ಕಂಪನಿ ಸಾಹೇಬ ಏನ್ ಮಾಡಿದ? ನಮ್ಮ ಚಂದ್ರಾಮನ್ನ ಲಿಫ್ಟಿನ ನೆತ್ತಿ ಮ್ಯಾಲ ಕುಂದ್ರಿಸಿ, ಗಾಲಿ ಕೈಲೆ ಒತ್ತಿ ಹಿಡಿ ಅಂದ. ನಮ್ಮ ಗ್ಯಾಂಗಿನ್ಯಾಗ ಒಂದು ರೂಢಿ... ಹಿಡಿ ಅಂದಾಂವ ತಾನ ಬಿಡು ಅನ್ನಬೇಕು. ಅಲ್ಲೀತನಾ ಜೀವ ಹೋದ್ರೂ ಬಿಡೂಹಂಗಿಲ್ಲ.

ಸೇಠನ ಕಾಲಾಗ ತುಂಬಿದ ನೀರಿನ ಗ್ಲಾಸು ಇಟ್ರು. 'ಚಂದ್ರಾಮ, ಹಿಡದೀಯೇನೋ?' ಅಂತ ಸಾಹೇಬ ಕೂಗಿದ. ಮ್ಯಾಲಿಂದ, 'ಹಿಡದೇನ್ರೀ.' ಹೊಂಟಿತು... ನಾನೂ ಒಳಗಿದ್ದೆ. ತುದಿ ಮುಟ್ಟಿದಾಗ ಮ್ಯಾಲ ತೆಂಗಿನಕಾಯಿ ಒಡದಂಗ ಸಪ್ಪಳಾತು. ನೀರು ಮಾತ್ರ ಅಲುಗಲಿಲ್ಲ. ಸೇಠ್ ಚಪ್ಪಾಳೆ ಹೊಡದ. ಇಳಿಯೂಮುಂದೂ ಒಂದು ಹನಿ ಚೆಲ್ಲಲಿಲ್ಲ. ಆಮ್ಯಾಲ ನೆತ್ತಿ ಹತ್ತಿ ನೋಡಿದ್ರ, ಚಂದ್ರಾಮನ ತಲಿ ಛಾವಣಿ ತೊಲಿಗೆ ಬಡದು ಒಡದಿತ್ತು. ತುದಿ ಮುಟ್ಟಿದಾಗನ ಜೀವ ಹೋಗಿತ್ತು. ಹಂಗಾದ್ರ ಇಳಿಯೂಮುಂದ ಗಾಲಿ ಹಿಡದಾಂವ ಯಾರು?

ಬೆರಳ ಬಿಡಸಾಕ ಕಬ್ಬಿಣದ ಸಳಿ ಹಾಕಿ ಮೀಟಬೇಕಾತು. ಹೆಣ ಎಲ್ಲಿ ಹೋತು ಅಂತ ಕೇಳಬ್ಯಾಡ್ರಿ. ಮುಂದ ಹೊಸಾ ಸ್ಪ್ರಿಂಗ್ ಬಂತು. ಸಾಹೇಬ ಅದಕ್ಕ ಸುತ್ತಿದ್ದ ಕಾಗದಾ ಸೈತ ಬಿಚ್ಚಲಿಲ್ಲ. ಯಾಕ ಬೇಕು? ಹೆಣ ಇಳಿಸಿದ ಮ್ಯಾಲೂ ಲಿಫ್ಟು ಅಲುಗತಿರಲಿಲ್ಲಲ್ಲ. 'ಬಿಡು' ಅಂತ ಅಂವ ಅನ್ನಲೇ ಇಲ್ಲ. ಹ್ವಾದ ವರ್ಷ ಆ ಮಾತು ಅನ್ನದನ ಸಾಹೇಬ ಸತ್ತ.

ಚಂದ್ರಾಮನ ಹೆಂಡತಿ ಬುತ್ತಿ ಹಿಡಕೊಂಡು ದಿನಾ ಬಂದು ಕೇಳತಿದ್ಲು. ಬ್ಯಾರೆ ಹೆಣ್ಣಿನ ಕೂಡ ಸೂರತ್ತಿಗೆ ಓಡಿಹೋದ ಅಂತ ಹೇಳಿದ್ರು. ಬಾಯಿ ಮುಚ್ಚಸಾಕ ಅದ ಲಿಫ್ಟು ಒರಸೂ ಕೆಲಸ ಕೊಟ್ರು. ಇವತ್ತಿಗೂ ನೆತ್ತಿ ಮ್ಯಾಲಿನ ಗಂಡನ ಕಾಲ ಕೆಳಗ ಒರಸತಾಳ. ಅಂವನ ದನಿ ಕಿವ್ಯಾಗ ಬೀಳತೈತಂತ. ಎಲ್ಲೋ ಬದುಕ್ಯಾನ ಅಂತ ಕುಂಕುಮ ಹಚಗೊಂಡು, ಹಸರ ಬಳಿ ಇಟಗೊಂಡು ದಾರಿ ಕಾಯತಾಳ..."

ಮೆಟ್ಟಿಲ ಮೇಲೆ ಬಳೆ ಸಪ್ಪಳವಾಯಿತು. ಗುರುಬಾಯಿ ದಿನವೂ ಕೆಲಸ ಮುಗಿಸಿ ಇಲ್ಲಿಗೇ ಊಟಕ್ಕೆ ಬರುವವಳು. ಅವಳ ಕೈತುಂಬ ಹಸಿರು ಬಳೆಗಳನ್ನು ನಾವೆಲ್ಲ ಎಷ್ಟೋ ಸಲ ನೋಡಿದ್ದೆವು. ಈಗ ಯಾರಿಗೂ ತಲೆ ಎತ್ತಲಾಗಲಿಲ್ಲ.

ಭೀಮರಾಯ ಸರಿದು ಜಾಗ ಮಾಡಿಕೊಟ್ಟ. "ಬಾರವ್ವ ಗುರುಬಾಯಿ. ಚಂದ್ರಾಮಂದು ಏನರ ಸುದ್ದಿ ಬಂತೇನು?"

"ಇಲ್ರಿ ಕಾಕಾ." ಅವಳು ಸೆರಗು ಹಿಂಡುತ್ತ ಕೂತಳು. "ಲಿಫ್ಟಿನ್ಯಾಗ ಅವರ ದನಿ ಮಾತ್ರ ಕೇಳಿತು. ಸೂರತ್ತಿನ್ಯಾಗ ಭಾರದ ಕೆಲಸ ಇದ್ದಂಗ ಕಾಣತೈತಿ... ಕೈ ಸೋಲಾಕ ಹತ್ಯಾವ ಅಂದ್ರು."