ನೊರೀನಳ ಪೊರಕೆ

ನಗರದ ಕೌನ್ಸಿಲ್ ಬಾಡಿಗೆಗೆ ಕೊಟ್ಟಿರುವ ಮನೆಗಳ ಬಾಡಿಗೆದಾರರ ಅಭಿಪ್ರಾಯ ಕೇಳುವ ಸಭೆ ಮುಗಿಸಿ ಬಂದ ನೊರೀನ್, ಬಸ್ಸಿನ ಸಾಲಿನಲ್ಲಿ ನನ್ನ ಮುಂದಿದ್ದ ತನ್ನ ನೆರೆಮನೆಯ ಏವ್ರಿಲ್‌ಳ ಪಕ್ಕ ನಿಂತಳು.

"ಏನಂದ್ರೇ ಸಾಹೇಬ್ರು?"

"ಬಿಸ್ಕತ್ತು ಕೊಟ್ರು. ಬಾಡಿಗೆ ಜೊತೆ ನಮ್ಮ ಬಿಲ್ಡಿಂಗ್ ಮೆಟ್ಟಿಲು ಗುಡಿಸೋ ಶುಲ್ಕಾನೂ ಏರಿಸ್ತೀವಿ, ನಿಮ್ಮ ಅಭಿಪ್ರಾಯ ಏನು ಅಂದ್ರು."

"ಗುಡಿಸೋನು ಈ ವರ್ಷ ಮುಖಾನೇ ತೋರಿಸಿಲ್ವಲ್ಲೇ."

"ಅದನ್ನೇ ಹೇಳ್ದೆ. ಅಲ್ಲಿದ್ದ ಟೈ ಕಟ್ಟಿದ ಸಾಹೇಬ, 'ನಾನೇ ಬಂದು ನೋಡಿದೀನಿ, ಮೆಟ್ಟಿಲು ಫಳಫಳ ಅಂತಿದೆ' ಅಂದ."

"ಗುಡಿಸಿದ್ದು ನೀನು."

"ಹೂಂ. ನನ್ನ ಪೊರಕೆಗೆ ನಾನೇ ದುಡ್ಡು ಕಟ್ಬೇಕಂತೆ."

"ಥೂ, ಅವನ ಮುಖಕ್ಕಿಷ್ಟು. ನೀನೇನಂದೆ?"

"ಇನ್ನೊಂದ್ಸಲ ಬಂದು ನೋಡಪ್ಪಾ ಅಂದೆ. ಗುರುವಾರ ಬರ್ತಾನಂತೆ."

"ಪೊರಕೆ?"

"ಒಳಗಿಟ್ಟು ಬೀಗ ಹಾಕಿದೀನಿ. ಅಲ್ಲೀವರೆಗೂ ನಿನ್ನ ನಾಯೀನ ಪಾರ್ಕಿಗೆ ಕರ್ಕೊಂಡು ಹೋಗ್ಬೇಡ, ಮೆಟ್ಟಿಲ ಮೇಲೇ ಬಿಡು."

ಬಸ್ ಬಂತು. ಇಬ್ಬರೂ ನಗದೆ ಹತ್ತಿದರು.