ಹದಿನೇಳನೇ ವಸ್ತು, ಕೂರಿಗೆ ಬಟ್ಟಲು

ಹೆಸರು ಚೈತ್ರಶ್ರೀ, ತಂದೆ ದುರುಗೇಶ್, ವಯಸ್ಸು 24 ವರ್ಷ, ಉದ್ಯೋಗ ವಿದ್ಯಾರ್ಥಿನಿ, ವಸ್ತುಸಂಗ್ರಹಾಲಯ ಮತ್ತು ಪರಂಪರೆ ಅಧ್ಯಯನದಲ್ಲಿ ಎಂ.ಎ. ಎರಡನೇ ವರ್ಷ. ಸ್ವಂತ ಊರು ಜಗಳೂರು ತಾಲ್ಲೂಕು. ಹಾಲಿ ವಾಸ ಬಸವಾಪಟ್ಟಣ, ಬಸ್ ನಿಲ್ದಾಣದ ಹಿಂದಿನ ಬೀದಿ, ಲಕ್ಷ್ಮೀದೇವಿ ಎಂಬುವರ ಮನೆಯ ಮಹಡಿಯ ಬಾಡಿಗೆ ಕೊಠಡಿ, ಚನ್ನಗಿರಿ ತಾಲ್ಲೂಕು.

ಈ ಮೂಲಕ ನಾನು ತಿಳಿಸುವುದೇನೆಂದರೆ, ಈ ದಿನ ದಿನಾಂಕ 29-05-2025 ಗುರುವಾರ ಬೆಳಿಗ್ಗೆ 10.15ಕ್ಕೆ ಇದೇ ಠಾಣೆಯಲ್ಲಿ ನಾನು ಒಂದು ದೂರು ಕೊಟ್ಟಿರುತ್ತೇನೆ. ಅದರಲ್ಲಿ ಬರೆಸಿದ ಒಂದು ಮಾತು ತಪ್ಪಾಗಿರುತ್ತದೆ. ಆ ದೂರಿನಲ್ಲಿ ಮುಖ್ಯವಾಗಿದ್ದದ್ದೂ ಆ ಮಾತೇ. ಅದನ್ನು ಸರಿಪಡಿಸಲು ಸಂಜೆ 6.00 ಗಂಟೆಗೆ ನಾನಾಗಿಯೇ ಮತ್ತೆ ಠಾಣೆಗೆ ಹಾಜರಾಗಿ, ಯಾರ ಒತ್ತಾಯವೂ ಇಲ್ಲದೆ ಈ ಹೇಳಿಕೆ ಕೊಡುತ್ತಿದ್ದೇನೆ.

ನಮ್ಮ ಎಂ.ಎ. ಪಾಠಕ್ರಮದಲ್ಲಿ ಕೊನೆಯ ಪ್ರಾಯೋಗಿಕ ಪರೀಕ್ಷೆಗೆ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ಊರಿನಲ್ಲಿ ಚಿಕ್ಕ ಪ್ರದರ್ಶನ ಏರ್ಪಡಿಸಬೇಕು. ನಾನು ಬಸವಾಪಟ್ಟಣದಿಂದ 4 ಕಿ.ಮೀ. ದೂರದ ಗೌರಮ್ಮನಕಟ್ಟೆ ಗ್ರಾಮವನ್ನು ಆರಿಸಿಕೊಂಡೆ. ಅಲ್ಲಿನ ಹಳೆಯ ಹಾಲಿನ ಡೇರಿ ಕೊಠಡಿ ಖಾಲಿ ಇತ್ತು. ಅದರಲ್ಲಿ ಊರಿನ ಮನೆಗಳಿಂದ ಕೇಳಿ ಪಡೆದ 41 ಹಳೆಯ ವಸ್ತುಗಳನ್ನು ಇಟ್ಟಿರುತ್ತೇನೆ. ಕೊಠಡಿಗೆ ಒಂದೇ ಬಾಗಿಲು, ಒಂದೇ ಬೀಗ, ಎರಡು ಕೀಲಿ. ಒಂದು ನನ್ನ ಬಳಿ, ಇನ್ನೊಂದು ಊರಿನ ವಾಟರ್‌ಮ್ಯಾನ್ ಮಾರುತಿಯವರ ಬಳಿ ಇರುತ್ತದೆ. ಮಾರುತಿಯವರಿಗೆ ಸುಮಾರು 52 ವರ್ಷ. ಕೊಠಡಿ ನೋಡಿಕೊಳ್ಳಲು ಅವರಿಗೆ ಯಾರೂ ಏನೂ ಕೊಡುವುದಿಲ್ಲ, ನಾನು ಕೇಳಿದೆ ಎಂದು ಒಪ್ಪಿಕೊಂಡಿದ್ದರು.

ಈ 41ರಲ್ಲಿ ಹದಿನೇಳನೇ ವಸ್ತು ಒಂದು ಕೂರಿಗೆ ಬಟ್ಟಲು. ಬಿತ್ತುವಾಗ ಕೂರಿಗೆಯ ಮೇಲೆ ಕೂರಿಸಿ ಬೀಜ ಹಾಕುವ ಮರದ ಬಟ್ಟಲು. ಜಾಲಿ ಮರದ್ದು, ಬಾಯಿಯ ಅಗಲ 22 ಸೆಂ.ಮೀ., ಎತ್ತರ 14 ಸೆಂ.ಮೀ., ತಳದಲ್ಲಿ ನಾಲ್ಕು ತೂತು. ನ್ಯಾಮತಿ ಕಡೆಯ ಬಡಗಿಯೊಬ್ಬರು ಮಾಡಿದ್ದು, ನೂರು ವರ್ಷದ ಮೇಲಿನದು ಎಂದು ಅದರ ಒಡತಿ ಬೊಮ್ಮಕ್ಕ ಹೇಳಿರುತ್ತಾರೆ. ಬೊಮ್ಮಕ್ಕನವರಿಗೆ ಸುಮಾರು 70 ವರ್ಷ, ಗಂಡ ತೀರಿಕೊಂಡಿದ್ದಾರೆ, ಒಂಟಿಯಾಗಿ ವ್ಯವಸಾಯ ಮಾಡುತ್ತಾರೆ.

ದಿನಾಂಕ 03-05-2025ರಂದು ನಾನು ಬಟ್ಟಲನ್ನು ಎರವಲು ಪಡೆದೆ. ಎರವಲು ಚೀಟಿಯಲ್ಲಿ ಹಿಂದಿರುಗಿಸುವ ದಿನಾಂಕ ಎಂದು ಒಂದು ಕಾಲಂ ಇರುತ್ತದೆ. ಯಾವತ್ತು ವಾಪಸ್ ಬೇಕು ಎಂದು ಕೇಳಿದ್ದಕ್ಕೆ ರೋಹಿಣಿ ಮಳೆ ಹದವಾದಾಗ ಬೇಕು ಎಂದರು. ಕಾಲಂನಲ್ಲಿ ಮಳೆ ಎಂದು ಬರೆಯಲು ಬರುವುದಿಲ್ಲ, ದಿನಾಂಕವೇ ಬೇಕು ಎಂದು ನಾನು ಹೇಳಿ, ನನಗೆ ತೋಚಿದಂತೆ 30-06-2025 ಎಂದು ಬರೆದುಕೊಂಡೆ. ಅವರು ಅದರ ಕೆಳಗೆ ಹೆಬ್ಬೆಟ್ಟು ಒತ್ತಿದರು. ಅದೇ ದಿನ ಸಂಜೆ ಬಟ್ಟಲಿನ ಬಗ್ಗೆ ಅವರು ಹೇಳಿದ್ದನ್ನೆಲ್ಲ 42 ನಿಮಿಷ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಅದರಲ್ಲಿ ಮರ, ಅಳತೆ, ವಯಸ್ಸು ಇರುವ ಮೊದಲ ಹನ್ನೆರಡು ನಿಮಿಷ ಮಾತ್ರ ಬರೆದುಕೊಂಡಿದ್ದೆ. ಪಟ್ಟಿಗೆ ಅಷ್ಟು ಸಾಕಾಗಿತ್ತು.

ದಿನಾಂಕ 27-05-2025ರಂದು ಮಾರುತಿಯವರು, ಹದಿನೇಳನೇ ನಂಬರಿನದು ಒಂದು ದಿನ ಹೊರಗೆ ಹೋದರೆ ಏನಾಗುತ್ತದೆ ಎಂದು ನನ್ನನ್ನು ಕೇಳಿದರು. ಪರೀಕ್ಷೆಗೆ ಎರಡೇ ದಿನ ಉಳಿದಿತ್ತು, ನನಗೆ ಸಿಟ್ಟು ಬಂತು. ಏಕೆ ಎಂದು ಕೇಳಲಿಲ್ಲ, ಪಾಠ ಮಾಡಿದೆ. ಪುಸ್ತಕದಲ್ಲಿ ಬರೆಯದೆ ಇಲ್ಲಿಂದ ಒಂದು ಮೊಳೆಯೂ ಹೊರಗೆ ಹೋಗುವಂತಿಲ್ಲ, ಮೊದಲು ಬರೆಯಬೇಕು, ಆಮೇಲೆ ಎತ್ತಬೇಕು, ಪ್ರಪಂಚದ ಎಲ್ಲ ಮ್ಯೂಸಿಯಂಗಳಲ್ಲೂ ಇದೇ ನಿಯಮ ಎಂದು ಹೇಳಿದೆ. ಅವರು ಸರಿ ಮೇಡಂ ಎಂದು ಹೋದರು.

ದಿನಾಂಕ 28-05-2025ರಂದು ಸಂಜೆ 6.15ಕ್ಕೆ ನಾನು ಬೀಗ ಹಾಕಿ ಬಸವಾಪಟ್ಟಣಕ್ಕೆ ಬಂದೆ. ರಾತ್ರಿ ಜೋರು ಮಳೆಯಾಯಿತು. ನಾನು ಫೋನ್ ಸೈಲೆಂಟಿನಲ್ಲಿಟ್ಟು ಮಲಗಿದ್ದೆ.

ಈ ದಿನ ಬೆಳಿಗ್ಗೆ 7.00ಕ್ಕೆ ಎದ್ದು ನೋಡಿದಾಗ 4.58 ಮತ್ತು 5.01ಕ್ಕೆ ಮಾರುತಿಯವರ ಎರಡು ಮಿಸ್ಡ್ ಕಾಲ್ ಇದ್ದವು. ವಾಪಸ್ ಮಾಡಿದೆ, ಅವರು ಎತ್ತಲಿಲ್ಲ. ಈ ಎರಡು ಕರೆಗಳ ವಿಷಯವನ್ನು ಬೆಳಗಿನ ದೂರಿನಲ್ಲಿ ನಾನು ಹೇಳಿರುವುದಿಲ್ಲ. ಮರೆತಿದ್ದಲ್ಲ, ಮುಖ್ಯ ಅನ್ನಿಸಿರಲಿಲ್ಲ.

7.50ಕ್ಕೆ ಗೌರಮ್ಮನಕಟ್ಟೆ ತಲುಪಿ ಕೊಠಡಿ ತೆಗೆದೆ. ಬೀಗ ಸರಿಯಾಗಿತ್ತು. ಹದಿನೇಳನೇ ಚೀಟಿ ಮೇಜಿನ ಮೇಲಿತ್ತು, ಬಟ್ಟಲು ಇರಲಿಲ್ಲ. ಉಳಿದ 40 ವಸ್ತುಗಳನ್ನು ಎರಡು ಸಲ ಎಣಿಸಿದೆ. 8.10ಕ್ಕೆ ಚಹದಂಗಡಿಯ ಹತ್ತಿರ ಕುಳಿತಿದ್ದ ನಾಲ್ಕು ಜನರನ್ನು ಕೂರಿಗೆ ಬಟ್ಟಲು ನೋಡಿದಿರಾ ಎಂದು ಕೇಳಿದೆ. ಉತ್ತರ ಕೊಡದೆ ಲೋಟ ಇಟ್ಟು ನಾಲ್ವರೂ ಎದ್ದುಹೋದರು. 8.25ಕ್ಕೆ ಬೊಮ್ಮಕ್ಕನವರ ಮನೆಗೆ ಹೋದೆ, ಬೀಗ ಹಾಕಿತ್ತು. ನಿಜ ಹೇಳಬೇಕೆಂದರೆ ಬೀಗ ನೋಡಿ ನನಗೆ ಸಮಾಧಾನವೇ ಆಯಿತು. ಆ ಮುದುಕಿಗೆ ಏನೆಂದು ಮುಖ ತೋರಿಸಲಿ ಎಂದು ದಾರಿಯುದ್ದಕ್ಕೂ ಹೆದರಿದ್ದೆ.

8.40ಕ್ಕೆ ಊರ ಹೊರಗಿನ ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಮಾರುತಿಯವರು ಕುಳಿತಿದ್ದರು. ಬಟ್ಟಲು ಎಲ್ಲಿ ಎಂದು ಕೇಳಿದೆ. ಅವರು ನನ್ನ ಮುಖ ನೋಡಿದರು, ನೆಲ ನೋಡಿದರು, ಮಾತಾಡಲಿಲ್ಲ. ನಾಲ್ಕು ಸಲ ಕೇಳಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ, ಅವರು ಅದನ್ನೂ ಮಾಡಲಿಲ್ಲ.

9.05ಕ್ಕೆ ನನ್ನ ಮಾರ್ಗದರ್ಶಕರಾದ ಗುರುಸ್ವಾಮಿಯವರಿಗೆ ಫೋನ್ ಮಾಡಿದೆ. ಪರೀಕ್ಷೆಗೆಂದು ಹೊರಟ ಅವರು ಹೊನ್ನಾಳಿಯಲ್ಲಿ ಬಸ್ಸು ಕಾಯುತ್ತಿದ್ದರು. ಎರವಲು ವಸ್ತು ಕಳೆದರೆ ತಕ್ಷಣ ಪೊಲೀಸರಿಗೆ ದೂರು ಕೊಡಲೇಬೇಕು, ಇಲ್ಲದಿದ್ದರೆ ಪ್ರದರ್ಶನಕ್ಕೆ ಅಂಕ ಕೊಡಲು ಬರುವುದಿಲ್ಲ ಎಂದರು. ಕೀಲಿ ಇದ್ದವರು ಬಾಯಿ ಬಿಡುತ್ತಿಲ್ಲ ಎಂದು ತಿಳಿಸಿದೆ. ಮೌನಂ ಸಮ್ಮತಿ ಲಕ್ಷಣಂ ಎಂದು ಹೇಳಿ ಫೋನ್ ಇಟ್ಟರು.

ಹಾಗಾಗಿ 10.15ಕ್ಕೆ ಠಾಣೆಗೆ ಬಂದು, ಮಾರುತಿಯವರ ಮೇಲೆ ನನಗೆ ಬಲವಾದ ಅನುಮಾನ ಇದೆ ಎಂದು ದೂರಿನಲ್ಲಿ ಬರೆಸಿದೆ. ಬಲವಾದ ಎಂಬ ಪದ ನನ್ನದು. ಬರೆದುಕೊಂಡ ರೈಟರ್ ಆಂಜನೇಯನವರು ಅನುಮಾನ ಅಂದರೆ ಸಾಲದೇ ಎಂದು ಒಮ್ಮೆ ಕೇಳಿದ್ದರು. ಇರಲಿ, ಬರೆಯಿರಿ ಎಂದಿದ್ದೆ.

11.00ಕ್ಕೆ ಮಾರುತಿಯವರನ್ನು ಜೀಪಿನಲ್ಲಿ ಕರೆತರಲಾಯಿತು. ಅವರು ಜೀಪು ಹತ್ತುವಾಗ ಬಿತ್ತನೆಗೆ ಹೊರಟಿದ್ದ ಜನ ದಾರಿಯಲ್ಲೇ ನಿಂತು ನೋಡಿದರು ಎಂದು ಆಮೇಲೆ ತಿಳಿಯಿತು. ಠಾಣೆಯ ಬೆಂಚಿನ ಮೇಲೆ ಅವರನ್ನು ಕೂರಿಸಿ ಹೆಸರು ಕೇಳಿದರು, ಹೇಳಲಿಲ್ಲ. ಬಟ್ಟಲು ಎಲ್ಲಿ ಎಂದು ಕೇಳಿದರು, ಹೇಳಲಿಲ್ಲ. ಹೌದು ಅಲ್ಲ ಎಂದು ತಲೆಯನ್ನೂ ಆಡಿಸಲಿಲ್ಲ. ಕಾಗದ, ಪೆನ್ನು ಕೊಟ್ಟರೆ ಮುಟ್ಟಲಿಲ್ಲ. ಯಾರೂ ಅವರ ಮೈಮೇಲೆ ಕೈ ಮಾಡಿರುವುದಿಲ್ಲ. ನಾನು ಅವರಿಂದ 8 ಅಡಿ ದೂರದ ಕುರ್ಚಿಯಲ್ಲಿ ಕುಳಿತಿದ್ದೆ. ಅವರ ಪ್ಯಾಂಟು ಮೊಣಕಾಲಿನವರೆಗೆ ಕೆಸರಾಗಿತ್ತು. ಆ ಕೆಸರನ್ನೂ ನಾನು ಅವರ ವಿರುದ್ಧವೇ ಲೆಕ್ಕ ಹಾಕುತ್ತಿದ್ದೆ. ಈ ನಡುವೆ ಗುರುಸ್ವಾಮಿಯವರು ಊರಿಗೆ ಬಂದರೂ ಪ್ರದರ್ಶನ ನೋಡದೆ, ಪರೀಕ್ಷೆ ಮುಂದೂಡಿದ್ದೇನೆ ಎಂದು ಫೋನಿನಲ್ಲಿ ತಿಳಿಸಿ ಹಿಂತಿರುಗಿದರು.

ಮಧ್ಯಾಹ್ನ 2.20ಕ್ಕೆ ಆಂಜನೇಯನವರು, ಬಟ್ಟಲು ಬೊಮ್ಮಕ್ಕನದೇ ಎನ್ನುವುದಕ್ಕೆ ಏನಾದರೂ ಆಧಾರ ಇದೆಯೇ ಎಂದು ಕೇಳಿದರು. ಅವರದೇ ದನಿಯ ರೆಕಾರ್ಡಿಂಗ್ ಇದೆ ಎಂದು ನಾನು ಹೆಮ್ಮೆಯಿಂದಲೇ ಹೇಳಿ ಮೇಜಿನ ಮೇಲೆ ಮೊಬೈಲ್ ಇಟ್ಟು ಹಚ್ಚಿದೆ. ಹನ್ನೆರಡನೇ ನಿಮಿಷಕ್ಕೆ ನಿಲ್ಲಿಸಲು ಹೋದೆ. ಆಂಜನೇಯನವರು ಹೊಲಮನೆ ಇದ್ದವರು, ಇರಲಿ, ಮುದುಕಿ ಚೆನ್ನಾಗಿ ಮಾತಾಡುತ್ತೆ ಎಂದು ಬಿಡಲು ಹೇಳಿದರು. 31ನೇ ನಿಮಿಷಕ್ಕೆ ಬೊಮ್ಮಕ್ಕನವರ ಈ ಮಾತು ಬಂತು. ಇದನ್ನು ಅವರು ಹೇಳಿದ ಹಾಗೆಯೇ ಬರೆಸುತ್ತಿದ್ದೇನೆ.

"ರೋಹಿಣಿ ಮಳಿ ಹದ ಆತು ಅಂದ್ರೆ ಈ ಬಟ್ಟಲು ಹನ್ನೊಂದು ಮನಿ ಹೊಲ ತಿರುಗ್ತೈತೆ ಕಣವ್ವ. ಮೊದ್ಲು ನಾಕು ಸಾಲು ಇದ್ರಾಗೆ ಬಿತ್ತಬೇಕು, ಆಮ್ಯಾಲೆ ಟ್ಯಾಕ್ಟ್ರಾರ ತರ್ಲಿ, ಏನಾರ ತರ್ಲಿ. ಬಟ್ಟಲು ಎತ್ತಿ ಕೊಟ್ಟೋನು ಅದು ತಿರುಗಿ ಮನಿಗೆ ಬರೋಗಂಟ ಬಾಯಿ ಬಿಡಂಗಿಲ್ಲ, ಕೈಸನ್ನೆನೂ ಮಾಡಂಗಿಲ್ಲ. ಬಟ್ಟಲು ಎಲ್ಲೈತೆ ಅಂತ ಯಾರೂ ಕೇಳಂಗಿಲ್ಲ, ಕೇಳಿದ್ರೂ ಯಾರೂ ಹೇಳಂಗಿಲ್ಲ. ತಪ್ಪಿದ್ರೆ ಹನ್ನೊಂದು ಮನಿ ಬೀಜಾನೂ ಮಣ್ಣಾಗೆ ಮಲಗಿಬಿಡ್ತೈತೆ."

ಅದರ ಹಿಂದೆಯೇ ರೆಕಾರ್ಡಿಂಗಿನಲ್ಲಿ ನನ್ನ ದನಿ ಬರುತ್ತದೆ. ಅಜ್ಜಿ, ತಳದ ತೂತುಗಳ ಅಳತೆ ಇನ್ನೊಂದು ಸಲ ತಗೊಳ್ಳಲೇ ಎಂದು ಕೇಳಿರುತ್ತೇನೆ.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ, ಇಡೀ ದಿನ ನಾನು ಕೇಳುತ್ತಿದ್ದ ಪ್ರಶ್ನೆಗೆ ಉತ್ತರ 26 ದಿನದಿಂದ ನನ್ನ ಮೊಬೈಲಿನಲ್ಲೇ ಇತ್ತು. ಜಗಳೂರು ಸೀಮೆಯ ನಮ್ಮ ಹೊಲದಲ್ಲಿ ನನ್ನ ಅಜ್ಜಿಯೂ ಕೂರಿಗೆ ಹಿಂದೆ ನಡೆದು ಬೀಜ ಹಾಕಿದವಳೇ. ನಮ್ಮಲ್ಲಿ ಮಾತಾಡಬಾರದೆಂಬ ಪದ್ಧತಿ ಇಲ್ಲ. ಆದರೆ ಮಳೆ ಹದವಾದ ಬೆಳಿಗ್ಗೆ ಬಿತ್ತುವ ಬಟ್ಟಲು ಎಲ್ಲಿಗೆ ಹೋಗಿರುತ್ತದೆ ಎಂದು ತಿಳಿಯಲು ಎಂ.ಎ. ಓದಬೇಕಾಗಿರಲಿಲ್ಲ. ನನಗೆ ಬಹಳ ನಾಚಿಕೆಯಾಯಿತು.

ಆಂಜನೇಯನವರು ಎದ್ದುಹೋಗಿ ಚಹ ತಂದು, ಬೇಕೇ ಎಂದು ಕೇಳದೆ ಮಾರುತಿಯವರ ಪಕ್ಕ ಇಟ್ಟರು. ಕೇಳಿದರೆ ಅವರು ಉತ್ತರ ಕೊಡಬೇಕಾಗುತ್ತಿತ್ತು. ಮಾರುತಿಯವರು ಕುಡಿದರು. ನೀವು ಮನೆಗೆ ಹೋಗಬಹುದು ಎಂದು ಅವರಿಗೆ ತಿಳಿಸಲಾಯಿತು. ಅವರು ಏಳಲಿಲ್ಲ. ಎದ್ದು ಹೋಗುವುದೂ ಒಂದು ಉತ್ತರ ಎಂದುಕೊಂಡರೋ ಏನೋ ನನಗೆ ಗೊತ್ತಿಲ್ಲ.

3.25ಕ್ಕೆ ಬೊಮ್ಮಕ್ಕನವರು ಯಾರದೋ ಬೈಕಿನ ಹಿಂದೆ ಕುಳಿತು ಠಾಣೆಗೆ ಬಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದು ಹಾಗೆಯೇ ಇತ್ತು, ಕಾಲಲ್ಲಿ ಚಪ್ಪಲಿ ಇರಲಿಲ್ಲ. ನನ್ನ ಕಡೆ ನೋಡದೆ ನೇರ ಬೆಂಚಿನ ಹತ್ತಿರ ಹೋಗಿ ಹೇಳಿದರು.

"ಬಟ್ಟಲು ಮನಿ ಸೇರೈತೆ. ಮಾತಾಡಪ್ಪ ಮಾರುತಿ."

ಮಾರುತಿಯವರು ಮೊದಲು ಕೆಮ್ಮಿದರು. ಬೆಳಗಿನಿಂದ ಟ್ಯಾಂಕಿಗೆ ನೀರು ಏರಿಸಿಲ್ಲ, ಹೊಲದಿಂದ ಬಂದವರಿಗೆ ಕೈಕಾಲು ತೊಳೆಯಲೂ ನೀರಿರುವುದಿಲ್ಲ, ಬೇಗ ಹೋಗಬೇಕು ಎಂದು ಆಂಜನೇಯನವರಿಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿದರು. ಬೈಯುತ್ತಾರೆ ಎಂದು ಕಾದಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

"ಪುಸ್ತಕದಾಗೆ ಬರ್ದಿದ್ನಲ್ರೀ ಮೇಡಂ. ನೀವು ನೋಡ್ಲಿಲ್ವಾ?"

4.10ಕ್ಕೆ ಜೀಪಿನಲ್ಲಿ ನಾವು ಮೂವರೂ ಗೌರಮ್ಮನಕಟ್ಟೆಗೆ ಹೋದೆವು. ಮಾರುತಿಯವರು ಟ್ಯಾಂಕಿನ ಹತ್ತಿರ ಇಳಿದರು. ನಾನು ಕೊಠಡಿ ತೆಗೆದೆ. ವಸ್ತುಗಳು ಹೊರಹೋಗುವುದನ್ನು ಬರೆಯುವ ಪುಸ್ತಕವನ್ನು ನಾನೇ ಸೆಣಬಿನ ದಾರ ಕಟ್ಟಿ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ್ದೆ. ಬಾಗಿಲು ತೆರೆದರೆ ಅದು ಮರೆಯಾಗುತ್ತದೆ. ಬೆಳಿಗ್ಗೆ ನಾನು ಬಾಗಿಲು ತೆರೆದವಳು ಮತ್ತೆ ಮುಚ್ಚಿ ನೋಡಿರಲಿಲ್ಲ. ಬರೆಯುವವಳು ನಾನೊಬ್ಬಳೇ, ನಾನು ಬರೆಯದ ಮೇಲೆ ಅದರಲ್ಲಿ ಇನ್ನೇನಿರುತ್ತದೆ ಎಂದುಕೊಂಡಿದ್ದೆ.

ಪುಸ್ತಕದಲ್ಲಿ ಮೊದಲ ಪುಟದ ಮೊದಲ ಸಾಲಿನಲ್ಲಿ ಹೀಗೆ ಬರೆದಿದೆ. ದಿನಾಂಕ 29-05-2025. ಸಮಯ ಬೆಳಿಗ್ಗೆ 5.05. ವಸ್ತು ಸಂಖ್ಯೆ 17. ಒಯ್ದವರು ಬೊಮ್ಮಕ್ಕ. ಕಾರಣ ಬಿತ್ತನೆ. ವಾಪಸ್ ಬರುವುದು ಇವತ್ತೇ ಸಂಜೆ. ಕೊಟ್ಟವರು ಎಂಬಲ್ಲಿ ಮಾರುತಿಯವರ ಸಹಿ ಇದೆ. ಅನುಮತಿ ಎಂಬ ಕೊನೆಯ ಕಾಲಂ ಖಾಲಿ ಬಿಟ್ಟು, ನಾನು ಎಲ್ಲಿ ಸಹಿ ಮಾಡಬೇಕು ಎಂದು ಪೆನ್ಸಿಲಿನಲ್ಲಿ ಚಿಕ್ಕದೊಂದು ಗುರುತು ಹಾಕಿಟ್ಟಿದ್ದಾರೆ. ಎರಡು ಸಲ ನನಗೆ ಫೋನ್ ಮಾಡಿ, ಪುಸ್ತಕದಲ್ಲಿ ಬರೆದು, ಆಮೇಲೆ ಬಟ್ಟಲು ಎತ್ತಿಕೊಟ್ಟು, ಅಲ್ಲಿಂದ ಬಾಯಿ ಮುಚ್ಚಿದ್ದಾರೆ. ನಾನು ಹೇಳಿಕೊಟ್ಟ ನಿಯಮವನ್ನೂ ಊರಿನ ನಿಯಮವನ್ನೂ ಅವರು ಎರಡನ್ನೂ ಪಾಲಿಸಿದ್ದಾರೆ. ನಾನು ಒಂದನ್ನೂ ಪಾಲಿಸಿಲ್ಲ.

4.50ಕ್ಕೆ ಬೊಮ್ಮಕ್ಕನವರು ಬಟ್ಟಲನ್ನು ತಂದು ಮೇಜಿನ ಮೇಲೆ ಅದರ ಜಾಗದಲ್ಲಿಟ್ಟರು. ಒಳಗೆ ಹಸಿ ಮಣ್ಣು ಮತ್ತು ಏಳು ಜೋಳದ ಕಾಳು ಅಂಟಿಕೊಂಡಿದ್ದವು. ಗುರುಸ್ವಾಮಿಯವರಿಗೆ ಫೋನಿನಲ್ಲಿ ಎಲ್ಲ ತಿಳಿಸಿದೆ. ಮುಂದಿನ ಗುರುವಾರ ಬರುತ್ತೇನೆ, ಅಷ್ಟರಲ್ಲಿ ಮಣ್ಣು ತೆಗೆದು ಸ್ವಚ್ಛ ಮಾಡಿಡು ಎಂದರು. ಮಾಡುವುದಿಲ್ಲ ಎಂದೆ. ಹಾಗಾದರೆ ಕಾರಣವನ್ನು ಬರೆದಿಡು ಎಂದರು. ಎರವಲು ಚೀಟಿಯಲ್ಲಿ 30-06-2025 ಎಂಬುದನ್ನು ಬೊಮ್ಮಕ್ಕನವರ ಎದುರಿಗೇ ಹೊಡೆದುಹಾಕಿ, ಮಳೆ ಬಂದಾಗ ಎಂದು ಬರೆದಿರುತ್ತೇನೆ.

ಆದ್ದರಿಂದ ಯಾವ ಕಳವೂ ನಡೆದಿರುವುದಿಲ್ಲ. ವಸ್ತು ಒಯ್ದವರು ಅದರ ಒಡತಿಯೇ. ನನ್ನ ಬೆಳಗಿನ ದೂರನ್ನು ಹರಿದುಹಾಕಿ ಎಂದು ಕೇಳಿದ್ದಕ್ಕೆ, ಒಮ್ಮೆ ಬರೆದದ್ದನ್ನು ತೆಗೆಯಲು ಬರುವುದಿಲ್ಲ, ಅದರ ಜೊತೆ ಇದನ್ನೂ ಸೇರಿಸಬಹುದು ಎಂದು ಆಂಜನೇಯನವರು ಹೇಳಿರುತ್ತಾರೆ. ಅದು ಸರಿ. ಹಾಗಾಗಿ ಬಲವಾದ ಅನುಮಾನ ಎಂಬ ಮಾತು ಇರುವ ಕಡೆಯೆಲ್ಲ ಈ ಹೇಳಿಕೆಯೂ ಇರಬೇಕೆಂದು ಕೋರುತ್ತೇನೆ. ಪುಸ್ತಕದ ಆ ಪುಟದ ಜೆರಾಕ್ಸ್ ಇದರೊಂದಿಗೆ ಲಗತ್ತಿಸಿದ್ದೇನೆ. ಪೆನ್ಸಿಲ್ ಗುರುತು ಇದ್ದ ಜಾಗದಲ್ಲಿ ನಾನು ಈ ದಿನ ಸಂಜೆ 5.10ಕ್ಕೆ ಸಹಿ ಮಾಡಿ, ಸಮಯವನ್ನೂ ಇದ್ದ ಹಾಗೆಯೇ ಬರೆದಿದ್ದೇನೆ. ಹನ್ನೆರಡು ಗಂಟೆ ಐದು ನಿಮಿಷ ತಡವಾಗಿರುವುದು ನೋಡಿದವರಿಗೆ ತಿಳಿಯಲಿ.

ಮೇಲೆ ಬರೆಸಿದ್ದೆಲ್ಲ ನಾನು ಕಂಡದ್ದು, ಕೇಳಿದ್ದು ಮತ್ತು ಮಾಡಿದ್ದು; ಸತ್ಯವಾಗಿರುತ್ತದೆ. ಇದನ್ನು ನನಗೆ ಓದಿ ಹೇಳಲಾಗಿ ಸರಿ ಇದೆ ಎಂದು ಒಪ್ಪಿದ್ದೇನೆ. ನನ್ನ ಕೋರಿಕೆಯ ಮೇಲೆ ಫೋನಿನಲ್ಲಿ ಮಾರುತಿಯವರಿಗೂ ಓದಿ ಹೇಳಲಾಯಿತು. ಟ್ಯಾಂಕು ಮುಕ್ಕಾಲು ತುಂಬಿದೆ ಎಂಬುದನ್ನೂ ಸೇರಿಸಿ ಎಂದು ಅವರು ಹೇಳಿದ್ದರಿಂದ ಸೇರಿಸಲಾಗಿದೆ.

ಸ್ಥಳ: ಪೊಲೀಸ್ ಠಾಣೆ, ಚನ್ನಗಿರಿ ತಾಲ್ಲೂಕು
ದಿನಾಂಕ: 29-05-2025, ಸಂಜೆ 7.20
ಸಹಿ: ಚೈತ್ರಶ್ರೀ